ಹಿಮ್ಮಡಿ ನೋವಿಗೆ ರೇಡಿಯೊಫ್ರೀಕ್ವೆನ್ಸಿ: ಯಾವ ಬಗೆ ಯಾರಿಗೆ ಎಂದು ತೂಗಿ ನೋಡುವುದು ಹೇಗೆ

ಕರಿಮೆಣಸಿನ ಕೊಯ್ಲಿನಲ್ಲಿ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿಯ ಮೇಲೆ ಗಂಟೆಗಟ್ಟಲೆ ನಿಂತವರಿಗೆ ಗೊತ್ತಿರುತ್ತದೆ, ದೇಹದ ಭಾರವೆಲ್ಲ ಅಂಗಾಲಿನ ನಡುವೆ ಎರಡು ಬೆರಳಗಲದ ಜಾಗದ ಮೇಲೆ ಬೀಳುತ್ತದೆ. ಅಂಥ ಎರಡು ಕೊಯ್ಲು ಮುಗಿಸುವ ಹೊತ್ತಿಗೆ ನನ್ನ ಬಲ ಹಿಮ್ಮಡಿ ಕೈಕೊಟ್ಟಿತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ತಣ್ಣನೆಯ ನೆಲಕ್ಕೆ ಮೊದಲ ಹೆಜ್ಜೆ ಊರಿದೊಡನೆ ಮೊಳೆ ಹೊಡೆದಂತಾಗುವುದು, ಹತ್ತಿಪ್ಪತ್ತು ಹೆಜ್ಜೆ ಕುಂಟಿದ ಮೇಲೆ ತುಸು ಸಡಿಲವಾಗುವುದು, ಸಂಜೆ ತೋಟದಿಂದ ಬಂದು ಅರ್ಧ ಗಂಟೆ ಕುಳಿತು ಎದ್ದರೆ ಮತ್ತೆ ಅದೇ ಕಥೆ. ಒಂದು ವರ್ಷ ಹೀಗೆ ಕಳೆದ ಮೇಲೆ ಮೈಸೂರು, ಮಂಗಳೂರುಗಳಲ್ಲಿ ಮೂರು ಕಡೆ ತೋರಿಸಿದೆ. ಮೂವರೂ ರೇಡಿಯೊಫ್ರೀಕ್ವೆನ್ಸಿ ಚಿಕಿತ್ಸೆಯನ್ನೇ ಸೂಚಿಸಿದರು. ವಿವರ ಕೇಳಿದಾಗ ಒಬ್ಬರು ನರವನ್ನು ಸುಡುತ್ತೇವೆ ಎಂದರು, ಇನ್ನೊಬ್ಬರು ಸುಡುವುದೇ ಇಲ್ಲ, ನರಕ್ಕೆ ಮಿಡಿತ ಕೊಡುತ್ತೇವೆ ಎಂದರು, ಮೂರನೆಯವರು ನರದ ತಂಟೆಗೇ ಹೋಗುವುದಿಲ್ಲ, ಅಂಗಾಲಿನ ಪಟ್ಟಿಯಲ್ಲಿ ಸಣ್ಣ ಸಣ್ಣ ತೂತು ಮಾಡುತ್ತೇವೆ ಎಂದರು.

ಹೆಸರು ಒಂದೇ, ಕೆಲಸ ಮೂರು. ಹೀಗಾಗಿ ಯಾವ ಆಸ್ಪತ್ರೆಯ ಯಂತ್ರ ಹೊಸದು, ಯಾವುದರ ಬಿಲ್ಲು ಕಡಿಮೆ ಎಂದು ಹೋಲಿಸುವುದಕ್ಕೆ ಮೊದಲು, ಆ ಸೂಜಿಯ ತುದಿ ನಿಮ್ಮ ಕಾಲಿನಲ್ಲಿ ಯಾವುದನ್ನು ಮುಟ್ಟಲಿದೆ ಎಂದು ಕೇಳಬೇಕು. ಮುಟ್ಟುವ ವಸ್ತು ಯಾವುದೆಂದು ತಿಳಿದರೆ ಎಷ್ಟು ಶಾಖ, ಎಷ್ಟು ಹೊತ್ತು, ಎಷ್ಟು ದಿನ ವಿಶ್ರಾಂತಿ, ಏನು ಅಪಾಯ ಎಂಬ ಉಳಿದೆಲ್ಲ ಪ್ರಶ್ನೆಗಳಿಗೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ವೈದ್ಯನಲ್ಲ, ಬೆಳೆಗಾರ. ಇಲ್ಲಿ ಬರೆದಿರುವುದು ವೈದ್ಯರ ಎದುರು ಕುಳಿತಾಗ ಏನು ಕೇಳಬೇಕು ಎಂಬುದನ್ನೇ ಹೊರತು, ವೈದ್ಯರ ಬದಲಿಗೆ ಏನು ಮಾಡಬೇಕು ಎಂಬುದನ್ನಲ್ಲ.

ಮೊದಲು ನೋವಿನ ಗುರುತು

ಹಿಮ್ಮಡಿ ಮೂಳೆಯ ಒಳಬದಿಯ ಗುಬುಟಿನಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿರುವ ಗಟ್ಟಿ ನಾರಿನ ಪಟ್ಟಿಯನ್ನು ಪ್ಲಾಂಟರ್ ಫೇಶಿಯಾ ಎನ್ನುತ್ತಾರೆ. ಅದರ ಬುಡದಲ್ಲಿ ಬರುವ ನೋವೇ ಪ್ಲಾಂಟರ್ ಫೇಶಿಯೈಟಿಸ್. ಹೆಸರಿನಲ್ಲಿ ಉರಿಯೂತವಿದ್ದರೂ, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ 50 ಮಂದಿಯ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕುರುಹು ಸಿಗದೆ, ನಾರುಗಳು ಸವೆದು ಜೀರ್ಣವಾಗಿರುವುದು ಕಂಡಿತು. ದೀರ್ಘಕಾಲದ ನೋವಿನಲ್ಲಿ ಉರಿಯೂತ ತಗ್ಗಿಸುವ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಅಷ್ಟಾಗಿ ನಾಟದಿರುವುದಕ್ಕೆ ಇದೂ ಒಂದು ಕಾರಣ. ಎಕ್ಸ್‌ರೇ ತೆಗೆಸಿದರೆ ಅನೇಕರಿಗೆ ಮೂಳೆ ಮುಳ್ಳಿನಂತೆ ಬೆಳೆದಿರುವುದು ಕಾಣುತ್ತದೆ. ನೋವೇ ಇಲ್ಲದವರಲ್ಲಿಯೂ ಅದು ಧಾರಾಳವಾಗಿ ಕಾಣುತ್ತದೆಯಾದ್ದರಿಂದ, ಮೂಳೆ ಬೆಳೆದಿದೆ ಎಂಬ ಒಂದೇ ಮಾತಿನ ಮೇಲೆ ಯಾವ ಚಿಕಿತ್ಸೆಗೂ ತಲೆಯಾಡಿಸಬೇಡಿ.

ಹಿಮ್ಮಡಿಯಲ್ಲಿ ನೋಯುವುದೆಲ್ಲ ಫೇಶಿಯಾವೇ ಆಗಿರಬೇಕಾಗಿಲ್ಲ. ಮೂಳೆಯನ್ನು ಎರಡೂ ಬದಿಯಿಂದ ಅಂಗೈಯಲ್ಲಿ ಹಿಂಡಿದಾಗ ಜೀವ ಹೋಗುವಂತಾದರೆ ಕೂದಲೆಳೆಯ ಬಿರುಕಿರಬಹುದು. ಕಾಲಮಣಿಯ ಒಳಗಂಟಿನ ಹಿಂದೆ ಬೆರಳಿನಿಂದ ತಟ್ಟಿದಾಗ ಅಂಗಾಲಿಗೆ ಜುಮ್ಮೆಂದು ಹರಿದರೆ ಅಲ್ಲಿ ನರ ಒತ್ತಿಕೊಂಡಿರಬಹುದು. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿ ಒಟ್ಟಿಗೆ ನೋಯುತ್ತ, ಬೆಳಗಿನ ಹೊತ್ತು ಸೊಂಟವೂ ಬಿಗಿದುಕೊಳ್ಳುತ್ತಿದ್ದರೆ ಸಂಧಿವಾತದ ತಪಾಸಣೆ ಬೇಕು. ಎರಡೂ ಪಾದ ರಾತ್ರಿಯಿಡೀ ಉರಿಯುತ್ತಿದ್ದರೆ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ಈ ಯಾವುದಕ್ಕೂ ಇಲ್ಲಿ ಹೇಳುವ ಚಿಕಿತ್ಸೆ ಮೊದಲ ಮದ್ದಲ್ಲ. ಇಷ್ಟನ್ನು ತಿಳಿಯುವುದಕ್ಕೆ ಘಟ್ಟ ಇಳಿಯಬೇಕಾಗಿಯೂ ಇಲ್ಲ. ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲೋ, ನಿಮ್ಮ ತಾಲ್ಲೂಕಿನ ಮೂಳೆ ವೈದ್ಯರಲ್ಲೋ ಶುರುಮಾಡಬಹುದು. ಅಲ್ಟ್ರಾಸೌಂಡ್ ಮಾಡಿಸಿದರೆ ಫೇಶಿಯಾದ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಬರೆಸಿಕೊಳ್ಳಿ. ಸಾಮಾನ್ಯವಾಗಿ 4 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ದಪ್ಪವಾಗಿದೆ ಎಂದು ಅರ್ಥ, ಮತ್ತು ಮುಂದೆ ಚಿಕಿತ್ಸೆ ಆರಿಸುವಾಗ ಈ ಸಂಖ್ಯೆ ಬೇಕಾಗುತ್ತದೆ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಈ ನೋವು ಬಂದವರಲ್ಲಿ ಬಹುಪಾಲು ಜನ ಸೂಜಿ, ಕತ್ತರಿಗಳ ಹಂಗಿಲ್ಲದೆ ವರ್ಷದೊಳಗೆ ಚೇತರಿಸಿಕೊಳ್ಳುತ್ತಾರೆ. ಕಾಲ್ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡು ಹಿಡಿಯುವುದು, ಹೀಗೆ 10 ಬಾರಿ, ದಿನಕ್ಕೆ 3 ಸಲ, ಅದರಲ್ಲಿ ಮೊದಲನೆಯದನ್ನು ಹಾಸಿಗೆಯಿಂದ ಇಳಿಯುವ ಮುನ್ನವೇ. ಆಮೇಲೆ ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು ಮೆಟ್ಟಿಲಂಚಿನಲ್ಲಿ ನಿಂತು ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸುವುದು, ಇದನ್ನು ದಿನ ಬಿಟ್ಟು ದಿನ. ಇದರ ಜೊತೆಗೆ ಚಪ್ಪಟೆ ತಳದ ಗಂಬೂಟಿನೊಳಗೆ ಅಂಗಾಲಿನ ಬಾಗಿಗೆ ಆಸರೆ ಕೊಡುವ ಇನ್‌ಸೋಲ್ ಹಾಕುವುದು. ನಮ್ಮಲ್ಲಿ ಗಂಬೂಟು ಮಳೆಗೂ ಜಿಗಣೆಗೂ ತಡೆಯೇ ಹೊರತು ಪಾದಕ್ಕೆ ಆಸರೆಯಲ್ಲ. ಇಷ್ಟನ್ನು ಕನಿಷ್ಠ 6 ತಿಂಗಳು ತಪ್ಪದೆ ಮಾಡಿಯೂ ನೋವು ಜಗ್ಗದಿದ್ದಾಗ ಮಾತ್ರ ಮುಂದಿನ ಮಾತು. ನಾನು ಮೊದಲ ವೈದ್ಯರಿಗೆ 6 ತಿಂಗಳು ಮಾಡಿದ್ದೇನೆ ಎಂದು ಹೇಳಿದ್ದೆ. ನಿಜವಾಗಿ ಮಾಡಿದ್ದು 3 ವಾರ.

ಸೂಜಿಯ ತುದಿಯಲ್ಲಿ ಏನಾಗುತ್ತದೆ

ರೇಡಿಯೊಫ್ರೀಕ್ವೆನ್ಸಿ (ಚುಟುಕಾಗಿ ಆರ್‌ಎಫ್) ಎಂದರೆ ಸೆಕೆಂಡಿಗೆ ಸುಮಾರು 5 ಲಕ್ಷ ಬಾರಿ ದಿಕ್ಕು ಬದಲಿಸುವ ವಿದ್ಯುತ್ತು. ಸೂಜಿಯ ಉದ್ದಕ್ಕೂ ಅವಾಹಕದ ಹೊದಿಕೆಯಿದ್ದು, ತುದಿಯ 5 ಅಥವಾ 10 ಮಿಲಿಮೀಟರ್ ಮಾತ್ರ ತೆರೆದಿರುತ್ತದೆ. ಸೂಜಿ ತಾನಾಗಿ ಕಾಯುವುದಿಲ್ಲ. ಸುತ್ತಲಿನ ಅಂಗಾಂಶದ ಅಯಾನುಗಳು ಆ ವೇಗಕ್ಕೆ ಅತ್ತಿತ್ತ ತೊನೆದು, ಆ ತಿಕ್ಕಾಟದಿಂದ ಅಂಗಾಂಶವೇ ಬಿಸಿಯಾಗುತ್ತದೆ, ಅದರ ಶಾಖವನ್ನು ತುದಿಯಲ್ಲಿರುವ ತಾಪಮಾಪಕ ಯಂತ್ರಕ್ಕೆ ತಿಳಿಸುತ್ತದೆ. ಸುಟ್ಟ ಭಾಗ ತುದಿಯ ಮುಂದಕ್ಕೆ ಹೆಚ್ಚು ಚಾಚದೆ, ಅದರ ಅಕ್ಕಪಕ್ಕದಲ್ಲಿ ಮೊಟ್ಟೆಯಾಕಾರದಲ್ಲಿ ಹರಡುತ್ತದೆ. ಇದರಿಂದಾಗಿ ಸೂಜಿಯನ್ನು ನರಕ್ಕೆ ಅಡ್ಡಲಾಗಿ ಚುಚ್ಚುವುದಕ್ಕಿಂತ ಅದರ ಪಕ್ಕಕ್ಕೆ ಸಮಾನಾಂತರವಾಗಿ ಮಲಗಿಸುವುದು ಮೇಲು. ವೈದ್ಯರು ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಇಡುತ್ತಾರೋ, ಬರಿಯ ಅಂದಾಜಿನಲ್ಲಿ ಇಡುತ್ತಾರೋ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಸುಡುವ ಬಗೆಯಿಂದ ಶುರುಮಾಡೋಣ. ಇದರಲ್ಲಿ ತುದಿಯ ಶಾಖವನ್ನು 80ರಿಂದ 90 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 60ರಿಂದ 90 ಸೆಕೆಂಡು ಹಿಡಿಯುತ್ತಾರೆ. ಗುರಿ ಹಿಮ್ಮಡಿಯ ಒಳಬದಿಗೆ ಸ್ಪರ್ಶ ಕೊಡುವ ಸಣ್ಣ ಕವಲು ನರ, ಇಲ್ಲವೇ ಬ್ಯಾಕ್ಸ್‌ಟರ್ ನರವೆಂದು ಕರೆಯುವ ಇನ್ನೊಂದು ಕವಲು. ಬ್ಯಾಕ್ಸ್‌ಟರ್ ನರ ಕಿರುಬೆರಳನ್ನು ಹೊರಕ್ಕೆ ಚಾಚುವ ಸ್ನಾಯುವಿಗೂ ಹೋಗುತ್ತದೆ. ಅದು ತುಸು ಸೋತರೂ ನಡಿಗೆಯಲ್ಲಿ ಹೆಚ್ಚಿನವರಿಗೆ ಗೊತ್ತಾಗುವುದಿಲ್ಲ. ಕಾಲಮಣಿಯ ಬಳಿ ಹಾದುಹೋಗುವ ದೊಡ್ಡ ಟಿಬಿಯಲ್ ನರವನ್ನು ಮಾತ್ರ ಹೀಗೆ ಸುಡುವಂತಿಲ್ಲ, ಏಕೆಂದರೆ ಇಡೀ ಅಂಗಾಲಿನ ಸ್ಪರ್ಶವೂ ಸಣ್ಣ ಸ್ನಾಯುಗಳ ಚಲನೆಯೂ ಅದರ ಮೇಲೆಯೇ ನಿಂತಿದೆ. ಈ ವಿಧಾನದ ಆರಂಭದ ಫಲಿತಾಂಶಗಳು 1997ರಲ್ಲಿ ಪ್ರಕಟವಾದವು. 2013ರಲ್ಲಿ, ಯಾರಿಗೆ ನಿಜ ಚಿಕಿತ್ಸೆ, ಯಾರಿಗೆ ಹುಸಿ ಚಿಕಿತ್ಸೆ ಎಂಬುದು ರೋಗಿಗೂ ತಿಳಿಯದಂತೆ ನಡೆಸಿದ ಪರೀಕ್ಷೆಯಲ್ಲಿ ನಿಜ ಚಿಕಿತ್ಸೆಗೆ ಸ್ಪಷ್ಟ ಮೇಲುಗೈ ಕಂಡಿತು. ಆದರೆ ಅದರಲ್ಲಿದ್ದವರು 17 ಜನ. ಅಷ್ಟು ಜನ ನಮ್ಮ ಒಂದು ತೋಟದ ಸಾಲುಮನೆಯಲ್ಲೇ ಸಿಗುತ್ತಾರೆ. ಹೀಗಾಗಿ ಶೇಕಡಾ ತೊಂಬತ್ತೈದು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ, ಆ ಲೆಕ್ಕ ಎಷ್ಟು ಜನರ ಮೇಲಿನದು ಎಂದು ಮೆಲ್ಲಗೆ ಕೇಳಿ. ಸುಟ್ಟ ನರ ತಿಂಗಳುಗಳ ಅವಧಿಯಲ್ಲಿ ಮತ್ತೆ ಬೆಳೆಯಬಹುದು, ಅದರೊಡನೆ ನೋವೂ ಮರಳಬಹುದು. ಆಗ ಚಿಕಿತ್ಸೆಯನ್ನು ಮತ್ತೆ ಮಾಡಬಹುದು ಎಂಬುದು ಇದರ ಅನುಕೂಲವೂ ಹೌದು, ಖರ್ಚೂ ಹೌದು.

ಮಿಡಿತದ ಬಗೆಯನ್ನು ಪಲ್ಸ್ಡ್ ಆರ್‌ಎಫ್ ಎನ್ನುತ್ತಾರೆ. ಸಾಮಾನ್ಯವಾಗಿ ಸೆಕೆಂಡಿಗೆ 2 ಬಾರಿ, ಪ್ರತಿ ಬಾರಿ 20 ಮಿಲಿಸೆಕೆಂಡು ಮಾತ್ರ ವಿದ್ಯುತ್ತು ಹರಿಸಿ, ನಡುವಿನ ಬಿಡುವಿನಲ್ಲಿ ಶಾಖ ಆರುವಂತೆ ನೋಡಿಕೊಂಡು, ತುದಿ 42 ಡಿಗ್ರಿ ದಾಟದಂತೆ ಕೆಲವು ನಿಮಿಷ ನಡೆಸುತ್ತಾರೆ. ಇಲ್ಲಿ ನರ ಸಾಯುವುದಿಲ್ಲ, ನೋವಿನ ಸಂದೇಶ ಸಾಗಿಸುವ ಅದರ ಚಾಳಿ ಬದಲಾಗುತ್ತದೆ ಎಂಬುದು ಇದರ ಹಿಂದಿನ ತರ್ಕ. ಸುಡದಿರುವುದರಿಂದಲೇ ದೊಡ್ಡ ಟಿಬಿಯಲ್ ನರದ ಮೇಲೂ ಇದನ್ನು ಪ್ರಯೋಗಿಸಬಹುದು, ಮತ್ತು 2017ರಲ್ಲಿ ಥೈವಾನ್‌ನಿಂದ ಪ್ರಕಟವಾದ ಅಧ್ಯಯನವೊಂದು ಹಾಗೆ ಪ್ರಯೋಗಿಸಿ 12 ವಾರಗಳವರೆಗೆ ಒಳ್ಳೆಯ ಫಲ ಕಂಡಿತು. ಜೋಮು ಹಿಡಿಯುವ ಭಯ ಕಡಿಮೆ. ಪರಿಣಾಮ ಎಷ್ಟು ಕಾಲ ನಿಲ್ಲುತ್ತದೆ ಎಂಬ ಭರವಸೆಯೂ ಸುಡುವ ಬಗೆಗಿಂತ ಕಡಿಮೆ. ಸಕ್ಕರೆ ಕಾಯಿಲೆಯಿಂದ ಈಗಾಗಲೇ ಪಾದದ ಸ್ಪರ್ಶ ಮಂಕಾಗಿರುವವರಿಗೆ ಇದ್ದಬದ್ದ ಸ್ಪರ್ಶವನ್ನೂ ಸುಡುವುದು ವಿವೇಕವಲ್ಲ, ಅಂಥವರು ಈ ಬಗೆಯ ಬಗ್ಗೆಯೇ ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ.

ಸೂಜಿಯೊಳಗೆ ನೀರು ಹರಿಸುವ ಕೂಲ್ಡ್ ಆರ್‌ಎಫ್ ಎಂಬುದೂ ಇದೆ. ತುದಿ 60 ಡಿಗ್ರಿಯಲ್ಲೇ ಇರುವುದರಿಂದ ಅದನ್ನು ತಗುಲಿದ ಅಂಗಾಂಶ ಕರಕಲಾಗುವುದಿಲ್ಲ, ಶಾಖ ಇನ್ನೂ ಆಚೆಗೆ ಹರಡಿ ದೊಡ್ಡ ಚೆಂಡಿನಾಕಾರದ ಭಾಗ ಸುಡುತ್ತದೆ. ಮೊಣಕಾಲಿನ ನರಗಳಂತೆ ಜಾಗ ಖಚಿತವಾಗಿ ಸಿಗದ ಕಡೆ ಅದರಿಂದ ಲಾಭವುಂಟು. ಹಿಮ್ಮಡಿಯಲ್ಲಿ ಚರ್ಮ, ಕೊಬ್ಬಿನ ಮೆತ್ತೆ, ರಕ್ತನಾಳ ಎಲ್ಲವೂ ಒತ್ತೊತ್ತಾಗಿ ಕುಳಿತಿರುವಾಗ ದೊಡ್ಡದಾಗಿ ಸುಡುವುದರಿಂದ ಏನು ಹೆಚ್ಚುಗಾರಿಕೆ ಎಂದು ನನಗೆ ಯಾರೂ ಮನವರಿಕೆ ಮಾಡಿಕೊಟ್ಟಿಲ್ಲ.

ನಾಲ್ಕನೆಯದು ನರವನ್ನು ಬಿಟ್ಟು ಫೇಶಿಯಾಕ್ಕೇ ಕೈಹಾಕುವ ಕೊಬ್ಲೇಶನ್. ಟೋಪಾಜ್ ಎಂಬ ಉಪಕರಣದ ಹೆಸರಿನಿಂದಲೇ ಅದನ್ನು ಕರೆಯುವವರೂ ಉಂಟು. ಉಪ್ಪುನೀರಿನ ನಡುವೆ ಎರಡು ಧ್ರುವಗಳಿರುವ ತೆಳು ಕಡ್ಡಿಯನ್ನು ಚರ್ಮದ ಸೂಕ್ಷ್ಮ ರಂಧ್ರಗಳ ಮೂಲಕ ಇಳಿಸಿ, ಸುಮಾರು 5 ಮಿಲಿಮೀಟರ್ ಅಂತರದಲ್ಲಿ, ಪ್ರತಿ ಕಡೆ ಅರ್ಧ ಸೆಕೆಂಡಿನಂತೆ, ದಪ್ಪಗಟ್ಟಿದ ಪಟ್ಟಿಯಲ್ಲಿ ಚೌಕುಳಿಯಾಗಿ ತೂತು ಮಾಡುತ್ತ ಹೋಗುತ್ತಾರೆ. ಶಾಖ 40ರಿಂದ 70 ಡಿಗ್ರಿಯ ಆಸುಪಾಸು. ಸವೆದು ಸುಮ್ಮನಾದ ಅಂಗಾಂಶಕ್ಕೆ ಹೊಸ ಗಾಯ ಮಾಡಿ, ರಕ್ತದ ಹರಿವನ್ನೂ ವಾಸಿಯಾಗುವ ಕ್ರಿಯೆಯನ್ನೂ ಮತ್ತೆ ಎಬ್ಬಿಸುವುದು ಉದ್ದೇಶ. ಬಲಿತ ಗಿಡಕ್ಕೆ ಕಸಿ ಕತ್ತರಿ ಹಾಕಿ ಚಿಗುರಿಸುವ ನಮ್ಮ ಕಾಫಿ ಕೆಲಸ ನೆನಪಾದರೆ ತಪ್ಪಿಲ್ಲ. ಇದು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಅರಿವಳಿಕೆ ಕೊಟ್ಟು ಮಾಡುವ ಕೆಲಸ. ಆಮೇಲೆ ಕೆಲವು ವಾರ ಬೂಟು ಅಥವಾ ಊರುಗೋಲು ಬೇಕು, ಫಲ ಕಾಣುವುದಕ್ಕೆ ತಿಂಗಳುಗಳೇ ಹಿಡಿಯಬಹುದು.

ಚುಚ್ಚಿ ನೋಡುವ ಪರೀಕ್ಷೆ

ನರದ ಮೇಲಿನ ಚಿಕಿತ್ಸೆಗೆ ಒಪ್ಪುವ ಮುನ್ನ ಅದೇ ನರಕ್ಕೆ ಸ್ವಲ್ಪವೇ ಸ್ವಲ್ಪ ಅರಿವಳಿಕೆ, ಒಂದೆರಡು ಮಿಲಿಲೀಟರ್, ಚುಚ್ಚಿ ನೋಡಬೇಕು. ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಆ ನರ ನೋವನ್ನು ಹೊತ್ತೊಯ್ಯುತ್ತಿದೆ ಎಂದಾಯಿತು. ಇಳಿಯದಿದ್ದರೆ ಅದನ್ನು ಸುಟ್ಟು ಪ್ರಯೋಜನವಿಲ್ಲ. ಈ ಪರೀಕ್ಷೆಯನ್ನೇ ಮಾಡದೆ ನೇರವಾಗಿ ಸುಡುವ ದಿನಾಂಕ ಕೊಡುವಲ್ಲಿ ನಾನಾದರೆ ಎರಡನೆಯ ಸಲಹೆ ಪಡೆಯುತ್ತೇನೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳುವುದು ಲೇಸು. ಮೈಸೂರಿನಲ್ಲಿ ಚುಚ್ಚಿಸಿಕೊಂಡು, ಹಿಮ್ಮಡಿ ಮರದ ಕೊರಡಿನಂತಾಗಿರುವ ಖುಷಿಯಲ್ಲಿ ನೇರವಾಗಿ ಕಾರಿನಲ್ಲಿ ಕುಳಿತೆ. ಹುಣಸೂರು ದಾಟಿದೆವು, ಪಿರಿಯಾಪಟ್ಟಣದಲ್ಲಿ ಕಾಫಿ ಕುಡಿದೆವು, ಕುಶಾಲನಗರದಲ್ಲಿ ಇಳಿದು ಹೆಜ್ಜೆ ಊರಿದಾಗ ಹಳೆಯ ಮೊಳೆ ಅಲ್ಲೇ ಇತ್ತು. ಚುಚ್ಚಿದ ಅರಿವಳಿಕೆಯಾದ ಲಿಗ್ನೋಕೇನ್‌ನ ಪ್ರಭಾವ ಒಂದೆರಡು ಗಂಟೆಯದು. ಅದು ಇದ್ದಷ್ಟು ಹೊತ್ತೂ ನಾನು ಕುಳಿತೇ ಇದ್ದೆ. ವಾರ ಬಿಟ್ಟು ವೈದ್ಯರು ಎಷ್ಟು ಕಡಿಮೆಯಾಗಿತ್ತು ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ, ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಯಿತು. ಎರಡನೆಯ ಸಲ ಗಂಬೂಟನ್ನು ಚೀಲದಲ್ಲಿ ಒಯ್ದಿದ್ದೆ. ಚುಚ್ಚುವ ಮೊದಲು ಆಸ್ಪತ್ರೆಯ ಮೆಟ್ಟಿಲು ಎರಡು ಮಹಡಿ ಹತ್ತಿ ಇಳಿದು ನೋವಿಗೆ ಹತ್ತರಲ್ಲಿ ಇಷ್ಟು ಎಂದು ಬರೆದೆ, 7 ಬಂತು. ಚುಚ್ಚಿದ ಮೇಲೆ ಅರ್ಧ ಗಂಟೆ ಕುಳಿತು ಎದ್ದು, ಆ ಮೊದಲ ಹೆಜ್ಜೆಯ ನೋವನ್ನು ಬರೆದುಕೊಂಡು, ಅದೇ ಮೆಟ್ಟಿಲನ್ನು ಅದೇ ಬೂಟಿನಲ್ಲಿ ಹತ್ತಿ ಇಳಿದೆ; 2 ಬಂತು. ಕಾವಲುಗಾರ ವಿಚಿತ್ರವಾಗಿ ನೋಡಿದ, ನೋಡಲಿ. ಘಟ್ಟದ ಮೇಲಿನವರು ಈ ಪರೀಕ್ಷೆಯನ್ನು ಊರಿಗೆ ಮರಳುವ ಬಸ್ಸು ಹತ್ತುವ ಮೊದಲೇ ಮುಗಿಸಿಕೊಳ್ಳಬೇಕು.

ಚಿಕಿತ್ಸೆಯ ದಿನವೂ ಇಂಥದೇ ಒಂದು ಜೊತೆಗೂಡಿದ ಕೆಲಸವಿದೆ. ಸುಡುವ ಮುನ್ನ ಸೂಜಿಯಲ್ಲಿ ಸೆಕೆಂಡಿಗೆ 50 ಸಲ ಮಿಡಿಯುವ ತೀರ ಸಣ್ಣ ವಿದ್ಯುತ್ತು ಹರಿಸಿ ಎಲ್ಲಿ ಜುಮ್ಮೆನ್ನುತ್ತದೆ ಎಂದು ಕೇಳುತ್ತಾರೆ. ಅದು ನೀವು ದಿನಾ ಬೆರಳಿಟ್ಟು ತೋರಿಸುವ ಜಾಗದಲ್ಲೇ ಆಗಬೇಕು. ಆಮೇಲೆ ಸೆಕೆಂಡಿಗೆ 2 ಸಲದಂತೆ ಕೊಟ್ಟಾಗ ಕಾಲ್ಬೆರಳು ಕುಣಿದರೆ ಸೂಜಿ ಚಲನೆಯ ನರದ ಹತ್ತಿರವಿದೆ ಎಂದರ್ಥ, ಸರಿಸಬೇಕು. ಇದಕ್ಕೆಲ್ಲ ನೀವು ಎಚ್ಚರವಿರಬೇಕು. ನರದ ಚಿಕಿತ್ಸೆಯನ್ನು ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುತ್ತೇವೆ ಎಂದರೆ ಈ ಪರೀಕ್ಷೆಯನ್ನು ಹೇಗೆ ಮಾಡುತ್ತೀರಿ ಎಂದು ಕೇಳಿ.

ನಿರ್ಧಾರಕ್ಕೆ ಬರುವಾಗ

ಚುಚ್ಚುಪರೀಕ್ಷೆಯಲ್ಲಿ ನೋವು ಇಳಿದು, ಫೇಶಿಯಾ ಅಷ್ಟೇನೂ ದಪ್ಪವಾಗಿರದೆ, ಪಾದದ ಸ್ಪರ್ಶ ಚೆನ್ನಾಗಿದ್ದರೆ ಸುಡುವ ಬಗೆ ಸಮಂಜಸ. ಸ್ಪರ್ಶ ಮಂಕಾಗಿದ್ದರೆ, ಇಲ್ಲವೇ ನೋವು ಇಡೀ ಅಂಗಾಲಿಗೆ ಹರಡಿದ್ದರೆ ಮಿಡಿತದ ಬಗೆ. ಫೇಶಿಯಾ 6–7 ಮಿಲಿಮೀಟರ್ ದಪ್ಪಗಟ್ಟಿ, ಒತ್ತಿದಾಗ ನೋವು ಅದರ ಬುಡದಲ್ಲೇ ನೆಟ್ಟಿದ್ದರೆ ಕೊಬ್ಲೇಶನ್‌ನ ಮಾತು ಬರುತ್ತದೆ, ಆದರೆ ಅದಕ್ಕೂ ಮೊದಲು ಚರ್ಮವನ್ನೇ ಛೇದಿಸದೆ ಹೊರಗಿನಿಂದ ಶಬ್ದದ ಅಲೆಗಳ ಹೊಡೆತ ಕೊಡುವ ಶಾಕ್‌ವೇವ್ ಚಿಕಿತ್ಸೆಯನ್ನು ಮಾಡಿಸಿದ್ದೀರಾ ಎಂದು ನೋಡಿಕೊಳ್ಳಿ. ಸ್ಟೀರಾಯ್ಡ್ ಚುಚ್ಚುಮದ್ದನ್ನು ಮೇಲಿಂದ ಮೇಲೆ ಹಾಕಿಸಿಕೊಂಡವರು ಅದನ್ನು ಮುಚ್ಚಿಡಬಾರದು. ಅದರಿಂದ ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗಿರಬಹುದು, ಫೇಶಿಯಾ ಹರಿಯುವ ಸಂಭವವೂ ಹೆಚ್ಚಿರುತ್ತದೆ. ಪೇಸ್‌ಮೇಕರ್ ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಮೊದಲ ಭೇಟಿಯಲ್ಲೇ ಹೇಳಬೇಕು. ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ಖರ್ಚಿನ ವಿಷಯದಲ್ಲಿ ಒಟ್ಟು ಮೊತ್ತ ಕೇಳುವುದಕ್ಕಿಂತ ಬಿಡಿಸಿ ಬರೆಸಿಕೊಳ್ಳುವುದು ಉತ್ತಮ. ಕೂಲ್ಡ್ ಮತ್ತು ಕೊಬ್ಲೇಶನ್‌ಗಳಲ್ಲಿ ಒಮ್ಮೆ ಬಳಸಿ ಎಸೆಯುವ ಸಾಧನದ ಬೆಲೆಯೇ ದೊಡ್ಡದು. ಚುಚ್ಚುಪರೀಕ್ಷೆ ಅದರಲ್ಲೇ ಸೇರಿದೆಯೇ, ನೋವು ಮರಳಿದರೆ ಎರಡನೆಯ ಸಲದ ದರ ಏನು, ವಿಮೆಯವರು ದಿನದೊಳಗಿನ ಚಿಕಿತ್ಸೆಗೆ ಹಣ ಕೊಡುತ್ತಾರೆಯೇ ಎಂಬುದನ್ನು ಮೊದಲೇ ಲಿಖಿತವಾಗಿ ಪಡೆಯಿರಿ. ಆಯುಷ್ಮಾನ್ ಕಾರ್ಡ್ ಇರುವವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಬೇಕು.

ದಿನಾಂಕವನ್ನು ತೋಟದ ಪಂಚಾಂಗ ನೋಡಿ ಇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅರೇಬಿಕಾ, ರೋಬಸ್ಟಾ ಕೊಯ್ಲು, ಅದರ ಬೆನ್ನಿಗೇ ಮೆಣಸು; ಆಗ ವಿಶ್ರಾಂತಿ ಎಂದು ವೈದ್ಯರು ಬರೆದದ್ದು ಚೀಟಿಯಲ್ಲೇ ಉಳಿಯುತ್ತದೆ. ಜೂನ್ ಕಳೆದರೆ ಗಂಬೂಟಿನೊಳಗೆ ಪಾದ ದಿನವಿಡೀ ನೆನೆದು, ಬೆರಳ ಸಂದು ಬಿಳಚಿ, ಜಿಗಣೆ ಕಚ್ಚಿದ ಗಾಯ ಮಾಯದೆ, ಅಂಗಾಲಿನಲ್ಲಿ ತೂತು ಮಾಡಿಸಿಕೊಳ್ಳುವುದಕ್ಕೆ ಅದಕ್ಕಿಂತ ಕೆಟ್ಟ ಕಾಲವಿಲ್ಲ. ಕೊಬ್ಲೇಶನ್ ಮಾಡಿಸುವವರಿಗೆ ಮೆಣಸು ಮುಗಿದು ಮಳೆ ಹಿಡಿಯುವುದರೊಳಗಿನ ಬಿಡುವೇ ಸರಿ. ನರದ ಚಿಕಿತ್ಸೆಗೆ ಇಷ್ಟು ಲೆಕ್ಕಾಚಾರ ಬೇಡ; ಒಂದೆರಡು ದಿನ ಕಾಲಿಗೆ ಬಿಡುವು ಕೊಟ್ಟರೆ ಸಾಮಾನ್ಯವಾಗಿ ಸಾಕು.

ಸುಟ್ಟ ಮೇಲಿನ ಮೊದಲ ವಾರಗಳಲ್ಲಿ ಬಿಸಿಲಿಗೆ ಚರ್ಮ ಬೆಂದಂಥ ಉರಿ ಇರಬಹುದು, ಅದಕ್ಕೆ ಚಿಕಿತ್ಸೆ ಕೆಟ್ಟಿತೆಂದು ಹೆದರಬೇಕಾಗಿಲ್ಲ. ಆದರೆ ಜ್ವರ, ಕೀವು, ದಿನದಿಂದ ದಿನಕ್ಕೆ ಏರುವ ಊತ ಕಂಡರೆ ಅಂದೇ ತೋರಿಸಬೇಕು. ನೋವು ಹೋದರೂ ಫೇಶಿಯಾ ಇನ್ನೂ ಹಳೆಯದೇ. ನೋವಿನ ಸುದ್ದಿ ಮುಟ್ಟುತ್ತಿಲ್ಲ ಅಷ್ಟೇ. ಎಳೆಯುವ ವ್ಯಾಯಾಮವನ್ನು ಬಿಡದೆ ಮುಂದುವರಿಸಿ, ಮೊದಲ ಮೂರು ತಿಂಗಳು ಏಣಿ ಹತ್ತುವ ಕೆಲಸವನ್ನು ಬೇರೆಯವರಿಗೆ ಬಿಡಿ. ನನ್ನ ಹಿಮ್ಮಡಿಯ ಒಳಬದಿಯಲ್ಲಿ ಎಂಟಾಣೆ ನಾಣ್ಯದಷ್ಟು ಜಾಗ ಈಗಲೂ ಜೋಮು. ಒಂದು ಸಂಜೆ ಬೂಟು ಕಳಚಿದಾಗ ಕಾಲುಚೀಲ ರಕ್ತದಲ್ಲಿ ತೊಯ್ದಿತ್ತು, ಕಣದಲ್ಲಿ ಮೆಟ್ಟಿದ ತಂತಿಯ ತುಂಡೊಂದು ತಳ ತೂರಿ ಬಂದಿದ್ದು ದಿನವಿಡೀ ಗೊತ್ತೇ ಆಗಿರಲಿಲ್ಲ. ಅಂದಿನಿಂದ ಬೂಟು ಹಾಕುವ ಮುನ್ನ ಒಳಗೆ ಕೈಯಾಡಿಸಿ, ಕಳಚಿದ ಮೇಲೆ ಹಿಮ್ಮಡಿಯನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತೇನೆ.